ಕಳ್ಳನಲ್ಲದ ಶ್ರೀಮಂತನಿಗೆ ಯೇಸು ಕೊಟ್ಟ ಎಚ್ಚರಿಕೆ

ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಲೂಕನ ಸುವಾರ್ತೆಯಲ್ಲಿ ಇಬ್ಬರು ಶ್ರೀಮಂತರ ಕಥೆಗಳಿವೆ. ಒಂದು ಹನ್ನೆರಡನೆಯ ಅಧ್ಯಾಯದಲ್ಲಿ, ಇನ್ನೊಂದು ಹದಿನಾರನೆಯದರಲ್ಲಿ. ಇಬ್ಬರೂ ಯಾರನ್ನೂ ಕೊಂದವರೆಂದು, ದೋಚಿದವರೆಂದು, ಸುಳ್ಳುಸಾಕ್ಷಿ ಹೇಳಿದವರೆಂದು ಲೂಕ ಬರೆಯುವುದಿಲ್ಲ. ಒಬ್ಬನ ಹೊಲ ಚೆನ್ನಾಗಿ ಬೆಳೆಯಿತು. ಇನ್ನೊಬ್ಬ ಬೆಲೆಬಾಳುವ ಬಟ್ಟೆ ಉಟ್ಟು ದಿನವೂ ಹಬ್ಬದಡುಗೆ ಉಂಡ. ಇಷ್ಟೇ ಅವರ ಚರಿತ್ರೆ. ಆದರೂ ಮೊದಲನೆಯವನನ್ನು ದೇವರು ಬುದ್ಧಿಹೀನನೆಂದು ಕರೆಯುತ್ತಾನೆ. ಎರಡನೆಯವನು ಸತ್ತ ಮೇಲೆ ಉರಿಯಲ್ಲಿ ಬೇಯುತ್ತಾ ಒಂದು ತೊಟ್ಟು ನೀರಿಗೆ ಅಂಗಲಾಚುತ್ತಾನೆ.

ಸಿರಿತನದ ಬಗ್ಗೆ ಕ್ರೈಸ್ತ ಧರ್ಮ ಕೊಡುವ ಎಚ್ಚರಿಕೆಯನ್ನು ತಿಳಿಯಬೇಕೆನ್ನುವವರು ಇಲ್ಲಿಂದಲೇ ಹೊರಡಬೇಕು. ಕಳ್ಳತನ, ಲಂಚ, ಮೋಸ ತಪ್ಪೆಂಬುದನ್ನು ದೇಶದ ಕಾನೂನೂ ಹೇಳುತ್ತದೆ. ಸುವಾರ್ತೆಯ ದೃಷ್ಟಿ ನೆಟ್ಟಿರುವುದು ಬೇರೊಂದು ಕಡೆ. ದುಡಿದು ಗಳಿಸಿದ, ತೆರಿಗೆ ಕಟ್ಟಿದ, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ಮರ್ಯಾದಸ್ಥ ಮನುಷ್ಯನ ನೆಮ್ಮದಿಯನ್ನು ಅದು ಪರೀಕ್ಷಿಸುತ್ತದೆ. ಅಪಾಯ ಅಲ್ಲಿದೆ ಎಂದು ಯೇಸು ಹೇಳಿದ್ದನ್ನು ಕೇಳಿ ಅವನ ಶಿಷ್ಯರೇ ಬೆಚ್ಚಿಬಿದ್ದರು. ನಮ್ಮ ಕರಾವಳಿಯವರಿಗೆ ಈ ಮಾತು ಇನ್ನೂ ಹತ್ತಿರದಿಂದ ತಾಗಬೇಕು.

ಏಕೆಂದರೆ ನಮ್ಮದು ಬ್ಯಾಂಕುಗಳನ್ನು ಹೆತ್ತ ನಾಡು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1912ರಲ್ಲಿ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಬೀಡಿ ಕಟ್ಟುವವರು, ಮೀನು ಮಾರುವವರು ಕೂಡ ದಿನಕ್ಕೆ ಎರಡಾಣೆಯಂತೆ ಕೂಡಿಡಬಹುದು ಎಂದು ಪಿಗ್ಮಿ ಎಂಬ ದಿನಠೇವಣಿಯ ಸಂಗ್ರಾಹಕರು ಮನೆಬಾಗಿಲಿಗೆ ಬಂದದ್ದು ಇಲ್ಲಿಯೇ. ಉಳಿತಾಯ ಇಲ್ಲಿ ಒಂದು ಸದ್ಗುಣ. ಅಜ್ಜಿಯಂದಿರು ಅದನ್ನು ಜಪಮಾಲೆಯ ಜೊತೆಗೇ ಕಲಿಸಿದ್ದಾರೆ. ಹಾಗಿರುವಾಗ ಬೆಳೆಯನ್ನು ಕಣಜದಲ್ಲಿ ತುಂಬಿಟ್ಟವನನ್ನು ದೇವರು ಗದರಿಸುವ ಕಥೆಯನ್ನು ನಾವು ಹೇಗೆ ಓದಬೇಕು?

ಆ ಕಥೆ ಹುಟ್ಟಿದ ಸಂದರ್ಭವನ್ನು ಮೊದಲು ನೋಡೋಣ. ಗುಂಪಿನಲ್ಲಿದ್ದ ಒಬ್ಬ ಯೇಸುವಿಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ನನ್ನ ಪಾಲನ್ನು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎನ್ನುತ್ತಾನೆ. ಪಾಲುಪಟ್ಟಿಯ ವ್ಯಾಜ್ಯ. ನಮ್ಮ ಜಿಲ್ಲೆಯ ನ್ಯಾಯಾಲಯಗಳಲ್ಲಿ ಇಂಥವು ಎಷ್ಟು ವರ್ಷ ಎಳೆಯುತ್ತವೆಂದು ಯಾರಿಗೆ ಗೊತ್ತಿಲ್ಲ? ಅಮ್ಮನ ಶ್ರಾದ್ಧದ ಪೂಜೆಗೂ ಒಟ್ಟಿಗೆ ಕುಳಿತುಕೊಳ್ಳದ ಅಣ್ಣತಮ್ಮಂದಿರು ನಮ್ಮ ಎಲ್ಲ ಊರುಗಳಲ್ಲಿದ್ದಾರೆ. ಕೇಳಿದವನ ಪಾಲು ನ್ಯಾಯವಾದದ್ದೇ ಇರಬಹುದು. ಆದರೆ ಯೇಸು, ನಿಮ್ಮ ನಡುವೆ ಪಾಲು ಮಾಡಲು ನನ್ನನ್ನು ಯಾರು ನೇಮಿಸಿದರು ಎಂದು ಕೇಳಿ, ಆಸ್ತಿ ಎಷ್ಟಿದ್ದರೂ ಅದು ಜೀವಕ್ಕೆ ಆಧಾರವಲ್ಲ ಎಂದು ಹೇಳಿ, ಆ ರೈತನ ಕಥೆಗೆ ತೊಡಗುತ್ತಾನೆ.

ಆ ರೈತ ಮಾಡಿದ್ದೇನು? ಬೆಳೆ ಹೆಚ್ಚಾಯಿತು, ಇಡಲು ಜಾಗವಿಲ್ಲ. ತನ್ನೊಳಗೇ ಮಾತಾಡಿಕೊಂಡ. ನನ್ನ ಬೆಳೆಯನ್ನು ಎಲ್ಲಿಡಲಿ, ನನ್ನ ಕಣಜಗಳನ್ನು ಕೆಡವುತ್ತೇನೆ, ದೊಡ್ಡದಾಗಿ ಕಟ್ಟುತ್ತೇನೆ, ನನ್ನ ಧಾನ್ಯವನ್ನೂ ಸರಕನ್ನೂ ತುಂಬುತ್ತೇನೆ, ಆಮೇಲೆ ನನ್ನ ಪ್ರಾಣಕ್ಕೆ ಹೇಳುತ್ತೇನೆ: ಬಹಳ ವರ್ಷಕ್ಕೆ ಸಾಕಾಗುವಷ್ಟಿದೆ, ಉಣ್ಣು, ಕುಡಿ, ಸುಖಪಡು. ಈ ಸ್ವಗತದಲ್ಲಿ ಎರಡನೆಯ ಮನುಷ್ಯನೇ ಇಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಕೊಯ್ಲು ಮಾಡಿದ ಆಳಿಲ್ಲ, ನೆರೆಯವನಿಲ್ಲ, ಮಳೆ ಸುರಿಸಿದ ದೇವರೂ ಇಲ್ಲ. ಅದೇ ರಾತ್ರಿ ಅವನ ಪ್ರಾಣವನ್ನು ಕೇಳಿಕೊಳ್ಳಲಾಗುತ್ತದೆ.

ಕಣಜ ಕಟ್ಟಿದ್ದೇ ತಪ್ಪಾಗಿದ್ದರೆ ಆದಿಕಾಂಡದ ಯೋಸೇಫನೂ ತಪ್ಪಿತಸ್ಥನಾಗಬೇಕಿತ್ತು. ಈಜಿಪ್ಟಿನಲ್ಲಿ ಏಳು ವರ್ಷ ಸುಭಿಕ್ಷವಿದ್ದಾಗ ಅವನು ಊರೂರಲ್ಲಿ ಧಾನ್ಯ ತುಂಬಿಸಿದ. ಮುಂದೆ ಬಂದ ಏಳು ವರ್ಷಗಳ ಬರದಲ್ಲಿ ಆ ಕಣಜಗಳ ಬಾಗಿಲು ತೆರೆದು ಜನರ ಪ್ರಾಣ ಉಳಿಸಿದ. ತನ್ನನ್ನು ಮಾರಿಬಿಟ್ಟ ಅಣ್ಣಂದಿರ ಚೀಲಗಳೂ ತುಂಬಿದವು. ಅದೇ ಧಾನ್ಯ, ಅಂಥದೇ ಕಟ್ಟಡ. ಲೂಕನ ರೈತನ ಕಣಜಕ್ಕೆ ಒಳಗೆ ಹಾಕುವ ಬಾಗಿಲು ಮಾತ್ರ ಇತ್ತು. ಹಾಗಾಗಿ ಮಗಳ ಕಾಲೇಜಿಗೆಂದು, ಆಸ್ಪತ್ರೆಯ ಖರ್ಚಿಗೆಂದು ಠೇವಣಿ ಇಡುವುದನ್ನು ಈ ಕಥೆ ಗದರಿಸುತ್ತಿಲ್ಲ. ಎಷ್ಟಾದರೆ ಸಾಕು, ಹೆಚ್ಚಾದದ್ದು ಯಾರದು ಎಂಬ ಪ್ರಶ್ನೆಗಳನ್ನೇ ಕೇಳಿಕೊಳ್ಳದೆ ಕಣಜವನ್ನು ಮಾತ್ರ ದೊಡ್ಡದು ಮಾಡುತ್ತಾ ಹೋಗುವ ಮನಸ್ಸನ್ನು ಗದರಿಸುತ್ತದೆ.

ನಾಲ್ಕನೆಯ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಕಪ್ಪದೋಕ್ಯ ಪ್ರಾಂತದ ಸೆಸರೇಯ ಎಂಬ ಊರಿನಲ್ಲಿ ಬೆಸಿಲ್ ಎಂಬ ಗುರು ಈ ಕಥೆಯ ಮೇಲೆ ಪ್ರವಚನ ಮಾಡಿದ. 368-369ರ ಸುಮಾರಿಗೆ ಅಲ್ಲಿ ಭೀಕರ ಬರ ಬಿದ್ದಿತ್ತು. ಧಾನ್ಯದ ಬೆಲೆ ಏರಲಿ ಎಂದು ಕೆಲವರು ಕಣಜಗಳಿಗೆ ಬೀಗ ಹಾಕಿದ್ದರು. ಬೆಸಿಲ್ ಶ್ರೀಮಂತ ಮನೆತನದವನು, ಅಥೆನ್ಸಿನಲ್ಲಿ ಓದಿದವನು. ಅವನ ವಾದ ಹೀಗಿತ್ತು: ನೀನು ಬಚ್ಚಿಟ್ಟಿರುವ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಮೇಲಂಗಿ ಚಳಿಯಲ್ಲಿ ಬೆತ್ತಲೆ ನಿಂತವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಪಾದರಕ್ಷೆ ಬರಿಗಾಲಿನವನದು. ಕಣಜ ಬೇಕಿದ್ದರೆ ಬಡವರ ಹೊಟ್ಟೆಗಳಿವೆಯಲ್ಲ ಎಂದೂ ಅವನು ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ಬರದಲ್ಲಿ ಹಸಿದವರಿಗೆ ಗಂಜಿ ಬಡಿಸುವ ವ್ಯವಸ್ಥೆ ಮಾಡಿದ, ಮುಂದೆ ಬಿಷಪ್ ಆದ ಮೇಲೆ ಊರ ಹೊರಗೆ ರೋಗಿಗಳಿಗೆ, ಕುಷ್ಠಪೀಡಿತರಿಗೆ, ದಿಕ್ಕಿಲ್ಲದವರಿಗೆ ದೊಡ್ಡ ಆಶ್ರಯವೊಂದನ್ನು ಕಟ್ಟಿಸಿದ. ಬೆಸಿಲನ ಈ ಮಾತಿನಲ್ಲಿ ದಾನದ ಅರ್ಥವೇ ಬದಲಾಗುತ್ತದೆ. ಕೊಡುವವನು ಉದಾರಿಯಾಗುವುದಿಲ್ಲ, ಇನ್ನೊಬ್ಬರದನ್ನು ಹಿಂದಿರುಗಿಸಿದವನಾಗುತ್ತಾನೆ. ಕ್ರೈಸ್ತ ಬೋಧನೆಯ ಎದೆಗುಂಡಿಗೆಯಲ್ಲಿರುವ ಈ ವಿಚಾರ ನಮ್ಮ ಪ್ರವಚನಗಳಲ್ಲಿ ಎಷ್ಟು ಅಪರೂಪವಾಗಿದೆ ಎಂಬುದು ನನ್ನನ್ನು ನೋಯಿಸುತ್ತದೆ.

ಇನ್ನು ಎರಡನೆಯ ಕಥೆ. ಶ್ರೀಮಂತನ ಬಾಗಿಲಲ್ಲಿ ಲಾಜರನೆಂಬ ಭಿಕ್ಷುಕ ಬಿದ್ದಿದ್ದಾನೆ. ಮೈತುಂಬ ಹುಣ್ಣು. ಮೇಜಿನಿಂದ ಬೀಳುವ ಚೂರುಗಳಾದರೂ ಸಿಕ್ಕೀತೆಂದು ಕಾಯುತ್ತಾನೆ. ನಾಯಿಗಳು ಬಂದು ಹುಣ್ಣು ನೆಕ್ಕುತ್ತವೆ. ಇಬ್ಬರೂ ಸಾಯುತ್ತಾರೆ, ಇಬ್ಬರ ಸ್ಥಿತಿಯೂ ತಲೆಕೆಳಗಾಗುತ್ತದೆ. ಶ್ರೀಮಂತ ಲಾಜರನನ್ನು ಒದೆಯಲಿಲ್ಲ, ಗೇಟಿನಿಂದ ಓಡಿಸಲೂ ಇಲ್ಲ. ಮಲಗಿದ್ದವನನ್ನು ದಾಟಿಕೊಂಡು ಹೋದ, ಅಷ್ಟೇ.

ಇಲ್ಲಿ ಎಷ್ಟೋ ಸಲ ಓದಿದವರ ಕಣ್ಣಿಗೂ ತಪ್ಪುವ ಒಂದು ವಿವರವಿದೆ. ಯಾತನೆಯಲ್ಲಿರುವ ಶ್ರೀಮಂತ ಯೆಹೂದ್ಯರ ಮೂಲಪಿತ ಅಬ್ರಹಾಮನನ್ನು ಕರೆದು, ಲಾಜರನನ್ನು ಕಳುಹಿಸು, ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ನಾಲಿಗೆ ತಂಪು ಮಾಡಲಿ ಎನ್ನುತ್ತಾನೆ. ಅಂದರೆ ಅವನಿಗೆ ಲಾಜರನ ಹೆಸರು ಗೊತ್ತಿತ್ತು. ಬಾಗಿಲಲ್ಲಿ ಬಿದ್ದಿದ್ದವನು ಯಾರೋ ಎಂಬ ನೆಪ ಅವನಿಗಿಲ್ಲ. ಇನ್ನೂ ಕಠೋರವಾದ ಸಂಗತಿಯೆಂದರೆ, ಸತ್ತ ಮೇಲೂ ಅವನಿಗೆ ಲಾಜರ ಒಬ್ಬ ಆಳು: ನೀರು ತರಲು ಒಮ್ಮೆ, ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸಲು ಇನ್ನೊಮ್ಮೆ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರುವುದೇ ಇಲ್ಲ. ಐಷಾರಾಮದ ಬದುಕು ಮನುಷ್ಯನಿಗೆ ಮಾಡುವ ಹಾನಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಬರಹವನ್ನು ನಾನು ಓದಿಲ್ಲ. ಬಡವನಿಗೆ ಆಗುವ ಅನ್ಯಾಯ ಒಂದು ಕಡೆ ಇರಲಿ, ಶ್ರೀಮಂತನ ಕಣ್ಣೇ ಹಾಳಾಗುತ್ತದೆ. ಎದುರಿಗಿರುವ ಮನುಷ್ಯ ಅವನಿಗೆ ಒಂದು ಸೇವೆಯಾಗಿ ಮಾತ್ರ ಕಾಣುತ್ತಾನೆ.

387ರಿಂದೀಚೆಗಿನ ವರ್ಷಗಳಲ್ಲಿ ಈಗಿನ ಟರ್ಕಿಯಲ್ಲಿರುವ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟೊಮ್ ಎಂಬ ಗುರು ಈ ಒಂದೇ ಕಥೆಯ ಮೇಲೆ ಸಾಲುಸಾಲಾಗಿ ಪ್ರವಚನ ಮಾಡಿದ. ನಮ್ಮಲ್ಲಿರುವುದನ್ನು ಬಡವರೊಂದಿಗೆ ಹಂಚಿಕೊಳ್ಳದಿರುವುದೇ ಕಳ್ಳತನ ಎಂದು ಅವನು ಹೇಳಿದ್ದು ಆಗಲೇ. ಮುಂದೆ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆಗಿ ಅರಮನೆಯ ಆಡಂಬರವನ್ನೂ ಟೀಕಿಸಿದ. ಗಡಿಪಾರಾಗಿ, 407ರಲ್ಲಿ ದಾರಿಯಲ್ಲೇ ತೀರಿಕೊಂಡ.

ನಮ್ಮ ಗೇಟುಗಳ ಹೊರಗೆ ಯಾರಿದ್ದಾರೆ? ಬೆಳಗಿನ ಹೊತ್ತು ಮಂಗಳೂರಿನ ರಸ್ತೆಬದಿಯಲ್ಲಿ ಗುದ್ದಲಿ ಬುಟ್ಟಿ ಹಿಡಿದು ಕೂಲಿಗಾಗಿ ಕಾದು ನಿಲ್ಲುವ ಉತ್ತರ ಕರ್ನಾಟಕದ ಕುಟುಂಬಗಳಿವೆ. ಅಪಾರ್ಟ್‌ಮೆಂಟಿನ ಕಾವಲುಗಾರನಿದ್ದಾನೆ. ಗಲ್ಫಿನಲ್ಲಿರುವ ಮಕ್ಕಳು ಕಟ್ಟಿಸಿದ ದೊಡ್ಡ ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಹೋಂ ನರ್ಸ್ ಹುಡುಗಿಯಿದ್ದಾಳೆ. ಅವರಲ್ಲಿ ಹಲವರ ಹೆಸರು ನಮಗೆ ಗೊತ್ತು. ಲೂಕನ ಶ್ರೀಮಂತನಿಗೂ ಗೊತ್ತಿತ್ತು. ಅವರ ಮನೆಯಲ್ಲಿ ಯಾರಿದ್ದಾರೆ, ಯಾರು ಕಾಯಿಲೆ ಬಿದ್ದಿದ್ದಾರೆ, ಮಗು ಶಾಲೆಗೆ ಹೋಗುತ್ತಿದೆಯೇ ಎಂಬುದು ಗೊತ್ತಿದೆಯೇ? ಈ ಕಥೆಯನ್ನು ಓದಿ ಮುಗಿಸಿದವರು ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಕೂಲಿಯ ವಿಷಯದಲ್ಲಿ ಬೈಬಲ್ ಇನ್ನೂ ನೇರ. ಬಡ ಕೂಲಿಯವನ ಸಂಬಳವನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಅವನು ಅದನ್ನೇ ನಂಬಿಕೊಂಡಿದ್ದಾನೆ ಎಂಬ ಕಾರಣವನ್ನೂ ಕೊಡುತ್ತದೆ. ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ. ಮನೆಗೆಲಸದವಳ ಸಂಬಳವನ್ನು ಮುಂದಿನ ವಾರಕ್ಕೆ ತಳ್ಳಿ ಅದೇ ಸಂಜೆ ಹೋಟೆಲಿಗೆ ಹೋಗುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ಇದು ಸಣ್ಣ ವಿಷಯವೆನಿಸಬಹುದು. ಯಾಕೋಬನಿಗೆ ಸಣ್ಣದೆನಿಸಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂಟೆ ಮತ್ತು ಸೂಜಿಯ ಮಾತಿಗೆ ಬರಬೇಕು. ಶ್ರೀಮಂತನೊಬ್ಬ ಯೇಸುವಿನ ಬಳಿ ಓಡಿಬಂದು ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳಿದ. ಚಿಕ್ಕಂದಿನಿಂದ ಎಲ್ಲ ಆಜ್ಞೆಗಳನ್ನೂ ಪಾಲಿಸಿದ್ದೇನೆ ಎಂದ. ಯೇಸು ಅವನನ್ನು ಪ್ರೀತಿಯಿಂದ ನೋಡಿದ ಎಂದು ಮಾರ್ಕ ಬರೆಯುತ್ತಾನೆ. ಪ್ರೀತಿಯಿಂದಲೇ ಹೇಳಿದ: ನಿನಗೆ ಒಂದು ಕೊರತೆಯಿದೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ. ಅವನು ಮುಖ ಬಾಡಿಸಿಕೊಂಡು ಹೋದ, ಅವನಿಗೆ ಬಹಳ ಆಸ್ತಿಯಿತ್ತು. ಐಶ್ವರ್ಯವಂತ ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತು ಆಗ ಬಂತು. ಹಾಗಾದರೆ ಯಾರು ತಾನೇ ಉಳಿದಾರು ಎಂದು ಶಿಷ್ಯರು ಕೇಳಿದರು. ಅಬ್ರಹಾಮನ ಕುರಿಮಂದೆ, ಯೋಬನ ಒಂಟೆಗಳು, ಸೊಲೊಮೋನನ ಅರಮನೆ ದೇವರ ಆಶೀರ್ವಾದದ ಗುರುತುಗಳೆಂದು ಅವರು ಕೇಳಿ ಬೆಳೆದಿದ್ದರು. ಆಶೀರ್ವಾದ ಪಡೆದವನಿಗೇ ಬಾಗಿಲು ಕಿರಿದಾದರೆ ಉಳಿದವರ ಗತಿಯೇನು ಎಂಬುದು ಅವರ ದಿಗಿಲು.

ಯೆರೂಸಲೇಮಿನ ಕೋಟೆಗೆ ಸೂಜಿಯ ಕಣ್ಣು ಎಂಬ ಹೆಸರಿನ ಚಿಕ್ಕ ದಿಡ್ಡಿಬಾಗಿಲಿತ್ತು, ಒಂಟೆ ಹೊರೆಯಿಳಿಸಿ ಮಂಡಿಯೂರಿದರೆ ಅದರಲ್ಲಿ ದಾಟಬಹುದಿತ್ತು ಎಂಬ ವಿವರಣೆಯನ್ನು ನಮ್ಮಲ್ಲಿ ಅನೇಕರು ಕೇಳಿರುತ್ತಾರೆ. ಅದು ಮಧ್ಯಯುಗದ ವ್ಯಾಖ್ಯಾನಗಳಲ್ಲಿ ಕಾಣಿಸಿಕೊಂಡ ಕಥೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತೆಂಬುದಕ್ಕೆ ಪುರಾವೆಯಿಲ್ಲ. ಸ್ವಲ್ಪ ಬಗ್ಗಿದರೆ ಸಾಕು ಎಂದು ಹೇಳುವುದು ಯೇಸುವಿನ ಉದ್ದೇಶವಾಗಿದ್ದರೆ ಶಿಷ್ಯರು ಹೌಹಾರುತ್ತಿರಲಿಲ್ಲ, ಇದು ಮನುಷ್ಯರಿಗೆ ಅಸಾಧ್ಯ, ದೇವರಿಗೆ ಸಾಧ್ಯ ಎಂದು ಅವನು ಉತ್ತರಿಸುತ್ತಲೂ ಇರಲಿಲ್ಲ. ಆ ಮಾತನ್ನು ಅದರ ಪೂರ್ಣ ಕಠಿಣತೆಯಲ್ಲೇ ಉಳಿಯಗೊಡುವುದು ಪ್ರಾಮಾಣಿಕವಾದ ಓದು.

ಆದರೆ ಎಲ್ಲರೂ ಎಲ್ಲವನ್ನೂ ಮಾರಬೇಕೇ? ಕ್ರೈಸ್ತ ಸಭೆಯ ಇತಿಹಾಸದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳು ಮೊದಲಿನಿಂದಲೂ ಜೊತೆಜೊತೆಗೆ ನಡೆದುಬಂದಿವೆ. ಸುಮಾರು 270ರಲ್ಲಿ ಈಜಿಪ್ಟಿನ ಅಂತೋನಿ ಎಂಬ ತರುಣ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ವಾಕ್ಯವನ್ನು ಇಗರ್ಜಿಯಲ್ಲಿ ಕೇಳಿದ. ತಂದೆತಾಯಿ ಬಿಟ್ಟುಹೋದ ಜಮೀನನ್ನು ಊರವರಿಗೆ ಕೊಟ್ಟು, ಉಳಿದುದನ್ನು ಮಾರಿ ಹಂಚಿ, ಮರುಭೂಮಿಗೆ ನಡೆದ. ಸನ್ಯಾಸ ಪರಂಪರೆಗೆ ಅವನು ಮೂಲಪುರುಷರಲ್ಲಿ ಒಬ್ಬ. ಅವನಿಗಿಂತ ಹಿಂದೆಯೇ, ಸುಮಾರು 200ರಲ್ಲಿ, ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಬೇರೆ ರೀತಿ ವಾದಿಸಿದ್ದ: ಸಂಪತ್ತು ಒಂದು ಉಪಕರಣ, ಅದನ್ನು ಬಳಸುವವನ ಮೇಲೆ ಅದರ ಗುಣ ನಿಂತಿದೆ, ಹೊರಗೆ ಎಸೆಯಬೇಕಾದದ್ದು ಮನಸ್ಸಿನೊಳಗಿನ ದಾಹ, ಎಲ್ಲರೂ ಬರಿಗೈಯವರಾದರೆ ಹಸಿದವನಿಗೆ ಉಣಿಸುವವರು ಯಾರು? ಕ್ಲೆಮೆಂಟನ ವಾದದಲ್ಲಿ ತಿರುಳಿದೆ. ಆದರೆ ಅನುಕೂಲಸ್ಥರಾದ ನಾವು ಆ ವಾದದ ನೆರಳಿಗೆ ಬಹಳ ಬೇಗ ಓಡುತ್ತೇವೆ ಎಂಬುದು ನನ್ನ ಅಳಲು. ನನಗೆ ಹಣದ ಮೇಲೆ ಆಸೆಯಿಲ್ಲ, ಹಣ ಸುಮ್ಮನೆ ನನ್ನ ಬಳಿ ಇದೆ ಎಂದು ಹೇಳುವವನು ಅದರಲ್ಲಿ ಕಾಲುಭಾಗವನ್ನು ಕೊಟ್ಟು ನೋಡಿದರೆ ಆ ಮಾತು ಎಷ್ಟು ನಿಜವೆಂದು ಅವನಿಗೇ ತಿಳಿಯುತ್ತದೆ.

ಇನ್ನೊಂದು ಸಾಕ್ಷ್ಯ ಜಕ್ಕಾಯನದು. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಯಲ್ಲಿ ಉಳಿದುಕೊಂಡ ದಿನ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದುದಕ್ಕೆ ನಾಲ್ಕು ಪಟ್ಟು ವಾಪಸ್ ಎಂದು ಅವನೇ ಘೋಷಿಸಿದ. ಪೂರ್ತಿ ಯಾಕೆ ಕೊಡಲಿಲ್ಲ ಎಂದು ಯೇಸು ಕೇಳಲಿಲ್ಲ, ಈ ಮನೆಗೆ ರಕ್ಷಣೆಯಾಯಿತು ಎಂದ. ಎಲ್ಲರಿಗೂ ಒಂದೇ ಅಳತೆ ಇಲ್ಲ. ಅಳತೆಯೇ ಬೇಡ ಎಂದು ಮಾತ್ರ ಯಾರಿಗೂ ಹೇಳಿಲ್ಲ.

ಈಗ ಭೋಗದ ವಿಷಯ. ಮರುಭೂಮಿಯ ಸನ್ಯಾಸಿಗಳಲ್ಲಿ ಎವಾಗ್ರಿಯಸ್ ಎಂಬವನು ಮನಸ್ಸನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಪಟ್ಟಿ ಮಾಡಿ, ಅದರ ಮೊದಲಿಗೆ ಹೊಟ್ಟೆಬಾಕತನವನ್ನು ಇಟ್ಟ. 590ರಲ್ಲಿ ಪೋಪ್ ಆದ ಗ್ರೆಗೊರಿ ಅದನ್ನೇ ಏಳು ಪಾಪಗಳ ಪಟ್ಟಿಯಾಗಿ ಮಾರ್ಪಡಿಸಿದ. ಹೊಟ್ಟೆಬಾಕತನವೆಂದರೆ ಬಹಳ ತಿನ್ನುವುದು ಮಾತ್ರ ಎಂದು ಅವನು ತಿಳಿಯಲಿಲ್ಲ. ಹೊತ್ತಿಗೆ ಮೊದಲೇ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ನುಂಗುವುದು, ರುಚಿಯ ನಾಜೂಕಿಗಾಗಿ ಅತಿಯಾಗಿ ಪಾಡುಪಡುವುದು ಎಂದು ಐದು ಬಗೆ ಹೇಳಿದ. ಸ್ವಲ್ಪವೇ ತಿಂದರೂ ಹೀಗೇ ಬೇಕು, ಇಂಥದೇ ಬೇಕು ಎಂಬ ಹಟವೂ ಅದರೊಳಗೆ ಬರುತ್ತದೆ.

ಮಂಗಳೂರಿನಲ್ಲಿ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮೊದಲಿನ ನಲವತ್ತು ದಿನಗಳ, ಶುಕ್ರವಾರಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಕ್ಯಾಥೊಲಿಕ್ ನಿಯಮದಂತೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವರ್ಷದವರು ಉಪವಾಸ ಮಾಡುತ್ತಾರೆ, 14 ದಾಟಿದವರು ಮಾಂಸ ಬಿಡುತ್ತಾರೆ. ಉಳಿದ ಶುಕ್ರವಾರಗಳಲ್ಲೂ ಅನೇಕ ಮನೆಗಳಲ್ಲಿ ಕೋಳಿ, ಹಂದಿ ಇಲ್ಲ. ಮೀನಿಗೆ ಅಡ್ಡಿಯಿಲ್ಲ. ಎಷ್ಟೋ ಕಡೆಗಳಲ್ಲಿ ಮೀನು ಬಡವರ ಊಟವಾಗಿದ್ದಾಗ ಆ ರಿಯಾಯಿತಿಗೆ ಅರ್ಥವಿತ್ತು. ಅಂಜಲ್, ಮಾಂಜಿ, ದೊಡ್ಡ ಸಿಗಡಿ ಕೋಳಿಗಿಂತ ಎಷ್ಟೋ ಪಾಲು ದುಬಾರಿಯಾಗಿರುವ ನಮ್ಮ ಊರಿನಲ್ಲಿ, ಶುಕ್ರವಾರ ತವಾದ ಮೇಲೆ ಅಂಜಲ್ ತುಂಡು ಹುರಿದುಕೊಂಡು ತಿಂದವನು ನಿಯಮವನ್ನು ಪಾಲಿಸಿದ್ದಾನೆ, ಗ್ರೆಗೊರಿ ಹೇಳಿದ ಎರಡನೆಯ ಬಗೆಯಲ್ಲಿ ಬಿದ್ದೂ ಇದ್ದಾನೆ. ಉಪವಾಸವೆಂದರೇನು ಎಂಬುದನ್ನು ಪ್ರವಾದಿ ಯೆಶಾಯನ 58ನೆಯ ಅಧ್ಯಾಯ ಅತ್ಯಂತ ಗಟ್ಟಿಯಾಗಿ ಹೇಳುತ್ತದೆ. ಉಪವಾಸದ ದಿನವೇ ಆಳುಗಳನ್ನು ಹಿಂಡುವವರ ಪ್ರಾರ್ಥನೆ ದೇವರಿಗೆ ಬೇಡ. ನಿನ್ನ ಅನ್ನವನ್ನು ಹಸಿದವನೊಂದಿಗೆ ಹಂಚಿಕೊಳ್ಳುವುದೇ ಅವನಿಗೆ ಬೇಕಾದ ಉಪವಾಸ. ಅಂದರೆ ಒಂದು ಹೊತ್ತಿನ ಊಟ ಬಿಟ್ಟಾಗ ಉಳಿದ ದುಡ್ಡು ಮರಳಿ ನಮ್ಮ ಕಿಸೆಗೆ ಹೋಗಬಾರದು.

ಇದರಿಂದ ಕ್ರೈಸ್ತ ಧರ್ಮ ಸಂತೋಷದ ವಿರೋಧಿ ಎಂದು ಯಾರೂ ತಿಳಿಯಬಾರದು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸು ನೀರನ್ನು ಒಳ್ಳೆಯ ದ್ರಾಕ್ಷಾರಸ ಮಾಡಿದ. ಅವನನ್ನು ಹೊಟ್ಟೆಬಾಕ, ಕುಡುಕ ಎಂದು ವಿರೋಧಿಗಳು ಜರೆಯುತ್ತಿದ್ದರು ಎಂದು ಮತ್ತಾಯನ ಸುವಾರ್ತೆಯೇ ಹೇಳುತ್ತದೆ. ನಮ್ಮ ಮದುವೆಯ ಮುನ್ನಾದಿನದ ರೋಸ್‌ನಲ್ಲಿ ಅತ್ತೆಯಂದಿರು ಹಾಡುತ್ತಾ ತೆಂಗಿನ ಹಾಲು ಹಚ್ಚುವ ಸಂಭ್ರಮವನ್ನು ದೇವರು ದ್ವೇಷಿಸುತ್ತಾನೆಂದು ನಾನು ನಂಬುವುದಿಲ್ಲ. ಅದೇ ರೋಸ್ ಸಾವಿರ ಜನರ ಪ್ರದರ್ಶನವಾಗಿ, ಕಳೆದ ತಿಂಗಳ ಮದುವೆಯನ್ನು ಮೀರಿಸಬೇಕೆಂಬ ಪೈಪೋಟಿಯಾಗಿ, ಹುಡುಗಿಯ ತಂದೆ ವರ್ಷಗಟ್ಟಲೆ ತೀರಿಸುವ ಸಾಲವಾಗಿ ಬದಲಾದಾಗ ಅಲ್ಲಿ ಸಂತೋಷವೇ ಉಳಿಯುವುದಿಲ್ಲ. ಇಂಥ ಖರ್ಚು ನೆರೆಯ ಬಡ ಕುಟುಂಬದ ಮೇಲೂ ಒತ್ತಡ ಹೇರುತ್ತದೆ. ಶ್ರೀಮಂತನ ಭೋಗ ಅವನ ಮನೆಯೊಳಗೇ ಮುಗಿಯುವುದಿಲ್ಲವೆಂಬುದಕ್ಕೆ ನಮ್ಮ ಮದುವೆಗಳೇ ಸಾಕ್ಷಿ.

ಸೊದೋಮ್ ಪಟ್ಟಣದ ಪಾಪ ಯಾವುದೆಂದು ಕೇಳಿದರೆ ಹೆಚ್ಚಿನವರು ಬೇರೇನೋ ಹೇಳುತ್ತಾರೆ. ಯೆಹೆಜ್ಕೇಲನ ಪ್ರವಾದನೆಯ 16ನೆಯ ಅಧ್ಯಾಯ ಕೊಡುವ ಉತ್ತರದಲ್ಲಿ ಮೊದಲು ಬರುವುದು ಗರ್ವ, ಹೊಟ್ಟೆತುಂಬ ಅನ್ನ, ಚಿಂತೆಯಿಲ್ಲದ ಸುಖ, ಇವುಗಳ ಜೊತೆಗೆ ದಿಕ್ಕಿಲ್ಲದವರಿಗೆ ಕೈಚಾಚದಿದ್ದುದು. ತುಂಬಿದ ಹೊಟ್ಟೆ ಮರೆವನ್ನು ತರುತ್ತದೆ ಎಂಬುದು ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯದ ಎಚ್ಚರಿಕೆಯೂ ಹೌದು. ಉಂಡು ತೃಪ್ತರಾಗಿ, ಒಳ್ಳೆಯ ಮನೆಗಳನ್ನು ಕಟ್ಟಿಕೊಂಡು, ಬೆಳ್ಳಿಬಂಗಾರ ಹೆಚ್ಚಿದ ಮೇಲೆ, ಇದೆಲ್ಲ ನನ್ನ ತೋಳ್ಬಲದಿಂದ ಬಂತು ಎಂದುಕೊಳ್ಳಬೇಡಿ ಎನ್ನುತ್ತದೆ ಅದು. ಈ ಮರೆವಿಗೆ ನಮ್ಮ ಪೂರ್ವಜರು ಕಂಡುಕೊಂಡ ಔಷಧಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಅದರ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ, ಆಮೇಲೆ ಮೀನುಮಾಂಸವಿಲ್ಲದ ಊಟ. ದೂರದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ರೂಢಿಯೂ ಇದೆ. ಬೆಳೆ ನನ್ನದಲ್ಲ, ಕೊಡಲ್ಪಟ್ಟದ್ದು ಎಂದು ಬಾಯಲ್ಲಿಟ್ಟು ಒಪ್ಪಿಕೊಳ್ಳುವ ಆಚರಣೆ ಅದು. ಗದ್ದೆಗಳು ಲೇಔಟ್‌ಗಳಾಗುತ್ತಿರುವ ಈ ಕಾಲದಲ್ಲಿ ಹಬ್ಬದ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಮೊದಲಿಗಿಂತ ಹೆಚ್ಚು ಅಗತ್ಯ.

ಕೊಡುವುದರಲ್ಲೂ ಅಪಾಯವಿದೆ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧಿ ಕೊಡಲು ಕುಳಿತದ್ದು ಒಂದು ಮರದಡಿಯಲ್ಲಿ ಎಂದು ಊರು ನೆನೆಯುತ್ತದೆ. ಕುಷ್ಠರೋಗಿಗಳನ್ನೂ ಅವರು ದೂರ ಇಡಲಿಲ್ಲ. ಅಲ್ಲಿಂದ ಬೆಳೆದ ಆಸ್ಪತ್ರೆ ಎಲ್ಲ ಮತದವರಿಗೂ ಗೊತ್ತು. ಅಂಥ ಪರಂಪರೆಯಿರುವ ಊರಿನಲ್ಲಿ ಇಗರ್ಜಿಯ ಬೆಂಚು, ಕಂಬ, ಗಂಟೆ ಎಲ್ಲದರ ಮೇಲೂ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದವನ ಆಲಯ ಅದು. ವಾರ್ಷಿಕ ಹಬ್ಬದಲ್ಲಿ ಪ್ರಾಯೋಜಕರಿಗೆ ಮುಂದಿನ ಸಾಲಿನ ಕುರ್ಚಿಗಳನ್ನು ಕಾದಿರಿಸುವುದನ್ನು ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಹೆಚ್ಚೂಕಡಿಮೆ ಹೆಸರಿಟ್ಟೇ ಖಂಡಿಸುತ್ತದೆ: ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ನೆಲ. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆ ಎಲ್ಲರಿಗಿಂತ ಹೆಚ್ಚು ಹಾಕಿದಳು ಎಂದು ಯೇಸು ಹೇಳಿದ್ದು ಅವಳಿಗೆ ಉಳಿದದ್ದೆಷ್ಟು ಎಂಬ ಲೆಕ್ಕದಿಂದ. ಆ ಲೆಕ್ಕದಲ್ಲಿ ನಮ್ಮ ಶಿಲಾಫಲಕಗಳ ಕ್ರಮಾಂಕವೇ ಬದಲಾದೀತು.

ಸಂಪತ್ತು ದೇವರ ಮೆಚ್ಚುಗೆಯ ರಸೀದಿ, ಇಷ್ಟು ಕಾಣಿಕೆ ಬಿತ್ತಿದರೆ ಇಷ್ಟು ಪಟ್ಟು ಫಲ ಎಂದು ಟಿವಿಯಲ್ಲೂ ಪ್ರಾರ್ಥನಾಕೂಟಗಳಲ್ಲೂ ಬೋಧಿಸುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭಕ್ತಿಯನ್ನು ಲಾಭದ ದಾರಿ ಎಂದು ತಿಳಿಯುವವರನ್ನು ತಿಮೊಥೆಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯ ಹೆಸರಿಸಿ ತಿರಸ್ಕರಿಸಿದೆ. ಹಣದಾಸೆ ಎಲ್ಲ ಬಗೆಯ ಕೆಡುಕಿಗೂ ಬೇರು ಎಂಬ ಪ್ರಸಿದ್ಧ ಮಾತು ಬರುವುದೂ ಅದೇ ಅಧ್ಯಾಯದಲ್ಲಿ. ಕಾಣಿಕೆ ಬಿತ್ತಿ ಫಲ ಪಡೆ ಎನ್ನುವುದು ಬಡವರ ಹತ್ತಿರ ಕೊನೆಯ ನೋಟನ್ನು ಕಸಿಯುವ ಬೋಧನೆ. ನನಗೆ ಅದರ ಮೇಲೆ ಸಿಟ್ಟಿದೆ.

ಒಳ್ಳೆಯ ನಡತೆಯಿಂದಲೇ ಸಂಪತ್ತು ಬರುವ ಒಗಟನ್ನು ಎದುರಿಸಿದವನು 18ನೆಯ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ. ಮೆಥೊಡಿಸ್ಟ್ ಪಂಥದ ಸ್ಥಾಪಕ. ಭಕ್ತಿ ಬಂದಲ್ಲಿ ದುಡಿಮೆಯೂ ಮಿತವ್ಯಯವೂ ಬರುತ್ತವೆ, ಅವೆರಡರಿಂದ ಸಂಪತ್ತು ಬರುತ್ತದೆ, ಸಂಪತ್ತು ಬಂದಂತೆ ಗರ್ವ ಹೆಚ್ಚಿ ಭಕ್ತಿ ಬತ್ತುತ್ತದೆ ಎಂದು ಅವನು ತನ್ನ ಮುಪ್ಪಿನಲ್ಲಿ ಬಹಳ ಕಳವಳದಿಂದ ಬರೆದ. ಈ ಸುಳಿಯನ್ನು ನಾವು ಮಂಗಳೂರಿನಲ್ಲಿ ಕಂಡಿದ್ದೇವೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆ, ಮತಾಂತರದಿಂದ ಕಸುಬು ಕಳೆದುಕೊಂಡವರಿಗೆ ಹೊಟ್ಟೆಪಾಡಿಗೆಂದು ನೇಯ್ಗೆಯನ್ನೂ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಶಿಸ್ತು, ಸಮಯಪಾಲನೆ, ಲೆಕ್ಕದ ಚೊಕ್ಕತನ ಅಲ್ಲಿ ಭಕ್ತಿಯ ಭಾಗವೇ ಆಗಿದ್ದವು. ಇಗರ್ಜಿಶಾಲೆಯಲ್ಲಿ ಓದಿ ಮುಂಬೈಗೂ ಕುವೈತಿಗೂ ಹೋದ ಕ್ಯಾಥೊಲಿಕ್ ತಲೆಮಾರುಗಳ ಕಥೆಯೂ ಇದೇ ಬಗೆಯದು. ಹಿರಿಯರ ಗುಣ ಮೊಮ್ಮಕ್ಕಳಿಗೆ ಆಸ್ತಿಯಾಗಿ ಬಂತು. ಗುಣವೂ ಜೊತೆಗೆ ಬಂತೇ ಎಂದು ಪ್ರತಿ ಮನೆಯವರೂ ತಮ್ಮನ್ನು ಕೇಳಿಕೊಳ್ಳಬೇಕು.

ವೆಸ್ಲಿ ಸೂಚಿಸಿದ ಪರಿಹಾರ ಸರಳ: ಸಾಧ್ಯವಾದಷ್ಟು ಗಳಿಸು, ಸಾಧ್ಯವಾದಷ್ಟು ಉಳಿಸು, ಸಾಧ್ಯವಾದಷ್ಟು ಕೊಡು. ಮೊದಲೆರಡನ್ನು ಮಾಡಿ ಮೂರನೆಯದನ್ನು ಬಿಟ್ಟವನು ಮೊದಲಿಗಿಂತ ಹೆಚ್ಚು ಅಪಾಯದಲ್ಲಿದ್ದಾನೆ ಎಂಬುದು ಅವನ ನಿಲುವು. ತನ್ನ ಒಂದು ಪ್ರವಚನದಲ್ಲಿ ಆಕ್ಸ್‌ಫರ್ಡಿನ ಒಬ್ಬ ತರುಣನ ಲೆಕ್ಕ ಕೊಡುತ್ತಾನೆ. ಅದು ಅವನದೇ ಲೆಕ್ಕವೆಂದು ಸಾಮಾನ್ಯವಾಗಿ ನಂಬಲಾಗಿದೆ. ಮೊದಲ ವರ್ಷ ಆದಾಯ 30 ಪೌಂಡ್, ಜೀವನದ ಖರ್ಚು 28, ದಾನ 2. ಮರುವರ್ಷ ಆದಾಯ 60 ಆಯಿತು, ಖರ್ಚು 28ರಲ್ಲೇ ನಿಂತಿತು, ದಾನ 32. ಆಮೇಲೆ 90 ಬಂದಾಗ ದಾನ 62, 120 ಬಂದಾಗ 92.

ಸಂಬಳ ಏರಿದಾಗ ಖರ್ಚು ತಾನಾಗಿ ಏರುವುದನ್ನು ಅವನು ತಡೆದ, ಅಷ್ಟೇ. ನಮ್ಮ ಮನೆಗಳಿಗೆ ಇದನ್ನು ಅಕ್ಷರಶಃ ತರುವುದು ಕಷ್ಟ. ಶಾಲೆಯ ಶುಲ್ಕ, ಆಸ್ಪತ್ರೆ, ಬಾಡಿಗೆ ವರ್ಷವರ್ಷವೂ ಹೆಚ್ಚುತ್ತವೆ, ವೆಸ್ಲಿಗೆ ಆಗ ಮಕ್ಕಳೂ ಇರಲಿಲ್ಲ. ಆದರೂ ಗಂಡಹೆಂಡತಿ ಕುಳಿತು, ನಮ್ಮ ಕುಟುಂಬಕ್ಕೆ ಇಷ್ಟು ಸಾಕು ಎಂಬ ಮೊತ್ತವೊಂದನ್ನು ಬರೆದಿಡಬಹುದು. ಬಡ್ತಿ ಬರುವ ಮೊದಲೇ, ಜಾಗ ಮಾರಿದ ದುಡ್ಡು ಕೈಸೇರುವ ಮೊದಲೇ ಬರೆಯಬೇಕು. ಬಂದ ಮೇಲೆ ಹೊಸ ಅಗತ್ಯಗಳು ತಾವಾಗಿ ಹುಟ್ಟಿಕೊಳ್ಳುತ್ತವೆ, ಆಗ ಅವು ಅಗತ್ಯಗಳಂತೆಯೇ ಕಾಣುತ್ತವೆ. ಆ ಮೊತ್ತದ ಮೇಲಿನ ಹಣದಲ್ಲಿ ಎಷ್ಟು ಪಾಲು ಯಾರಿಗೆ ಹೋಗಬೇಕೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬಹುದು: ಬಡವರಿಗೆ ನೆರವಾಗುವ ವಾರ್ಡಿನ ವಿನ್ಸೆಂಟ್ ಡಿ ಪಾವ್ಲ್ ಸಭೆಗೆ, ಮನೆಗೆಲಸದವಳ ಮಗಳ ಪಿಯುಸಿ ಶುಲ್ಕಕ್ಕೆ, ಡಯಾಲಿಸಿಸ್‌ಗೆ ವಾರವಾರ ಮಂಗಳೂರಿಗೆ ಬರುವ ಪಕ್ಕದ ಮನೆಯವರ ಬಾಡಿಗೆ ಕಾರಿಗೆ. ಮಕ್ಕಳು ಲೆಕ್ಕ ಓದುವಷ್ಟು ದೊಡ್ಡವರಾಗಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಬಹುದು.